ಕುರುಂದದ ಬಳೆ

ಕೆಂಪುಗುಡ್ಡದಲ್ಲಿ ಮದುವೆಯಾದ ಗಂಡಸು ಸಾಯುವುದಿಲ್ಲ ಎಂಬ ನಂಬಿಕೆ ಹುಟ್ಟಿ ಬೇರು ಬಿಡಲು ಏಳೆಂಟು ವರ್ಷ ಸಾಕಾಯಿತು. ಹಿಂದಿನ ಕಾಲವಾಗಿದ್ದರೆ ಇಂಥ ನಂಬಿಕೆಗೆ ಒಂದು ಶಾಪ, ಒಂದು ಹುತ್ತ, ಕನಿಷ್ಠ ಪಕ್ಷ ಒಬ್ಬ ಸನ್ಯಾಸಿಯಾದರೂ ಬೇಕಾಗುತ್ತಿತ್ತು. ಇಲ್ಲಿ ಒಂದು ಕಾರ್ಖಾನೆಯಲ್ಲೇ ಕೆಲಸ ಮುಗಿಯಿತು.

ಪಾವಗಡ ದಾಟಿ, ಆಂಧ್ರದ ಗಡಿಗೆ ಬೆನ್ನು ಕೊಟ್ಟು ಕೂತಿರುವ ಊರು ಅದು. ಅಲ್ಲಿಯ ಗುಡ್ಡದಲ್ಲಿ ಕುರುಂದದ ಕಲ್ಲು ಸಿಗುತ್ತದೆಂದು ಎಲ್ಲರಿಗೂ ಮೊದಲಿಂದ ಗೊತ್ತಿತ್ತು. ಅಜ್ಜಂದಿರು ಅದನ್ನು ಕುಟ್ಟಿ ಪುಡಿಮಾಡಿ, ಅರಗಿನಲ್ಲಿ ಕಲಸಿ, ಸಾಣೆಚಕ್ರ ಮಾಡಿ ಸಂತೆಗಳಲ್ಲಿ ಮಾರುತ್ತಿದ್ದರು. ವಜ್ರವೊಂದನ್ನು ಬಿಟ್ಟರೆ ಈ ಕಲ್ಲಿನ ಮೈಗೆ ಗೀರು ಹಾಕಬಲ್ಲ ಕಲ್ಲು ನೆಲದಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಒಳಗೆ ನೋಡಿದರೆ ಇರುವುದು ಅಡುಗೆಮನೆ ಪಾತ್ರೆಯ ಅಲ್ಯೂಮಿನಿಯಂ ಮತ್ತು ಉಸಿರಾಡುವ ಆಮ್ಲಜನಕ, ಅಷ್ಟೇ. ಬೆಳೆಯುವಾಗ ಚಿಟಿಕೆ ಕ್ರೋಮಿಯಂ ಬಿದ್ದರೆ ಅದೇ ಕಲ್ಲು ಮಾಣಿಕ್ಯ, ಒಂದಿಷ್ಟು ಕಬ್ಬಿಣ ಮತ್ತು ಟೈಟೇನಿಯಂ ಬಿದ್ದರೆ ನೀಲ. ಒರಟಾಗಿ ಬೆಳೆದರೆ ಸಾಣೆಕಲ್ಲು. ರಾಜನ ಕಿರೀಟಕ್ಕೂ ಕ್ಷೌರಿಕನ ಪೆಟ್ಟಿಗೆಗೂ ಇರುವ ಅಂತರ ಇಷ್ಟೇ ಎಂದು ಅಜ್ಜಂದಿರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಕ್ಷೌರಿಕನಿಗೇ ಮಾರುತ್ತಿದ್ದರು, ರಾಜರು ಆ ಕಡೆ ಬಂದದ್ದು ಕಡಿಮೆ.

ಕಾರ್ಖಾನೆ ಬಂದದ್ದು ಕಲ್ಲಿಗಾಗಿ ಅಲ್ಲ, ಬಿಸಿಲಿಗಾಗಿ. ಗುಡ್ಡದ ಸುತ್ತಲಿನ ಬಯಲಿಗೆಲ್ಲ ಸೌರ ಫಲಕ ಹಾಸಿ, ಅದರ ವಿದ್ಯುತ್ತಿನಿಂದ ಜಲಜನಕ ತೆಗೆದು, ಆ ಜಲಜನಕದ ಜ್ವಾಲೆಯೊಳಗೆ ಬಿಳಿ ಅಲ್ಯೂಮಿನಾ ಪುಡಿಯನ್ನು ಜರಡಿ ಹಿಡಿದಂತೆ ಉದುರಿಸುತ್ತಿದ್ದರು. ಎರಡು ಸಾವಿರ ಡಿಗ್ರಿ ದಾಟಿದ ಉರಿಯಲ್ಲಿ ಪುಡಿ ಕರಗಿ, ಕೆಳಗಿನ ಗೂಟದ ಮೇಲೆ ಹನಿಹನಿಯಾಗಿ ಕೂತು ಕುರುಂದದ ಹರಳಾಗುತ್ತಿತ್ತು. ಉರಿದಷ್ಟೂ ಕರಗುವ ಮೇಣದ ಬತ್ತಿಯನ್ನು ನೋಡಿದವರಿಗೆ ಉರಿದಷ್ಟೂ ಬೆಳೆಯುವ ಈ ಬತ್ತಿ ವಿಚಿತ್ರವಾಗಿ ಕಾಣುತ್ತಿತ್ತು. ಗಡಿಯಾರದ ಗಾಜು, ಉಪಗ್ರಹದ ಕಿಟಕಿ, ಶಸ್ತ್ರಚಿಕಿತ್ಸೆಯ ಅಲಗು, ಹೀಗೆ ಏನೇನೋ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರು. ಹೊರದೇಶದವರು ಕೊಳ್ಳುವುದನ್ನು ಕಡಿಮೆ ಮಾಡಿದ ವರ್ಷ, ಮಾರಾಟ ವಿಭಾಗದ ವಾಮನಮೂರ್ತಿಯವರಿಗೆ ಬಳೆ ಹೊಳೆಯಿತು.

ಬಳೆ ಮಾಡಿಕೊಟ್ಟವರು ಪ್ರಯೋಗಾಲಯದ ಮುಖ್ಯಸ್ಥೆ ಡಾ. ವೈಜಯಂತಿ. ಕೆಲಸ ಅಷ್ಟು ಸುಲಭವಿರಲಿಲ್ಲ. ಕುರುಂದ ಗಡಸು ನಿಜ, ಆದರೆ ಪೆಡಸು. ಗೀರು ಬೀಳುವುದಿಲ್ಲ, ಸುತ್ತಿಗೆಯಲ್ಲಿ ಹೊಡೆದರೆ ಸೀಳುತ್ತದೆ. ವೈಜಯಂತಿ ಹರಳಿನ ಹೊರಮೈಯನ್ನು ಒಳಮೈಗಿಂತ ಬಿಗಿಯಾಗಿ ಒತ್ತಿ ಕೂರುವಂತೆ ಮಾಡಿದರು. ಬಿರುಕು ಬಿಡಬೇಕೆಂದರೂ ಆ ಬಿಗಿತ ಬಿಡುತ್ತಿರಲಿಲ್ಲ. ಕೆಂಪು ಬಳೆಯ ಎರಡು ಅರ್ಧಗಳನ್ನು ಮದುಮಗಳ ಮಣಿಕಟ್ಟಿನ ಮೇಲೆ ಜೋಡಿಸಿ, ಅಡಿಯಲ್ಲಿ ಒದ್ದೆ ಬಟ್ಟೆ ಇಟ್ಟು, ಲೇಸರ್ ಹಾಯಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಬೆಸುಗೆ. ಆಮೇಲೆ ಸಂದು ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ. ಧಾರೆ ಮುಗಿದ ಕೂಡಲೇ ಬೆಸುಗೆ ಶಾಸ್ತ್ರ ಎಂಬುದೊಂದು ಹುಟ್ಟಿಕೊಂಡಿತು. ಪುರೋಹಿತರು ಅದಕ್ಕೊಂದು ಮಂತ್ರವನ್ನೂ ಒದಗಿಸಿದರು. ಹುಡುಕಿದರೆ ಯಾವುದಕ್ಕೂ ಮಂತ್ರ ಸಿಗುತ್ತದೆ.

ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳಲೂ ಅಂಜಿ, ‘ಹೆಚ್ಚಾಯಿತು’ ಎನ್ನುವ ಜನ ನಮ್ಮವರು. ಗಂಡ ಸತ್ತರೆ ಬಳೆ ಒಡೆಯಬೇಕು ಎಂಬುದನ್ನು ತಿರುವಿ ಹಾಕಿ, ಬಳೆ ಒಡೆಯದಿದ್ದರೆ ಗಂಡ ಸಾಯುವುದಿಲ್ಲ ಎಂದುಕೊಳ್ಳಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪುರಾವೆಯೂ ಇತ್ತು: ಬೆಸುಗೆಯಾದ ಹೆಂಗಸರಲ್ಲಿ ಒಬ್ಬಳೂ ವಿಧವೆಯಾಗಿರಲಿಲ್ಲ. ಗಂಡಂದಿರೆಲ್ಲ ಮೂವತ್ತರ ಆಸುಪಾಸಿನವರು, ಆ ವಯಸ್ಸಿನಲ್ಲಿ ಬದುಕಿರುವುದು ದೊಡ್ಡ ಸಾಧನೆಯೇನಲ್ಲ ಎಂದು ವೈಜಯಂತಿ ಒಮ್ಮೆ ಸಭೆಯಲ್ಲಿ ಹೇಳಿದರು. ವಾಮನಮೂರ್ತಿ ನಕ್ಕು, “ನಾವು ಹಾಗಂತ ಎಲ್ಲೂ ಹೇಳಿಲ್ಲವಲ್ಲ ಮೇಡಂ. ಹಾಗಲ್ಲ ಅಂತಲೂ ಹೇಳಿಲ್ಲ,” ಎಂದರು.

ಮೊದಲು ಸತ್ತವನು ಓಬಳೇಶ.

ಅವನು ಕಾರ್ಖಾನೆಯ ಪುಡಿ ವಿಭಾಗದಲ್ಲಿದ್ದ. ಅಲ್ಯೂಮಿನಾ ತರುವ ಹಡಗಿನ ಜೊತೆ ಸರಕು ನೋಡಿಕೊಳ್ಳಲು ಕಳಿಸಿದ್ದರು. ನಡುನೀರಿನಲ್ಲಿ ಹಡಗಿಗೆ ಬೆಂಕಿ ಬಿತ್ತು. ಊರಿಗೆ ಬಂದದ್ದು ಮೊಹರು ಹಾಕಿದ ಪೆಟ್ಟಿಗೆ, ಮೇಲೆ ‘ತೆರೆಯಬಾರದು’ ಎಂಬ ಚೀಟಿ. ತೆರೆಯದೆಯೇ ಸುಟ್ಟರು. ಅವನ ಹೆಂಡತಿ ಕದಿರಮ್ಮ ಪೆಟ್ಟಿಗೆಯ ಮೂಲೆಯನ್ನು ಹಿಡಿದುಕೊಂಡೇ ಸ್ಮಶಾನದ ದಾರಿಯ ಅರ್ಧದವರೆಗೆ ನಡೆದಳು. ಹೆಂಗಸರು ಅಲ್ಲಿಂದ ಮುಂದೆ ಹೋಗುವಂತಿರಲಿಲ್ಲ.

ಹನ್ನೊಂದನೆಯ ದಿನ ಹೆಂಗಸರು ಸುತ್ತ ಕೂತಾಗಲೇ ಊರಿಗೆ ತೊಡಕು ಅರ್ಥವಾದದ್ದು. ಬಳೆ ಒಡೆಯಲು ಬಂದ ಮುದುಕಿ ಗುಂಡುಕಲ್ಲಿನಿಂದ ಒಮ್ಮೆ ಕುಟ್ಟಿದಳು. ಕಲ್ಲು ಚಿಮ್ಮಿತು, ಕದಿರಮ್ಮನ ಕೈ ಬಾತಿತು, ಬಳೆ ಹಾಗೇ ಇತ್ತು. ಮುದುಕಿ ಕಲ್ಲನ್ನು ತಿರುಗಿಸಿ ನೋಡಿ, “ಇದ್ಯಾಕೋ ನನ್ ಕೈಲಾಗಲ್ಲ ಕಣವ್ವ,” ಎಂದು ಎದ್ದುಬಿಟ್ಟಳು.

ಆಗ ಅತ್ತೆ ಹನುಮಕ್ಕ, ಅಷ್ಟು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದವಳು, ಎದ್ದು ಕೂತು ಕೇಳಿದಳು: “ಬಳೆ ನೆಟ್ಟಗೈತೆ. ಅಂಗಾದ್ರೆ ನನ್ ಮಗ ಹೆಂಗೆ ಸತ್ತ?”

ಎಲ್ಲರ ಬಾಯಲ್ಲೂ ಇದ್ದು ಯಾರೂ ಕೇಳದ ಪ್ರಶ್ನೆ ಅದು. ಉತ್ತರಕ್ಕೆ ಓಬಳೇಶನ ಚಿಕ್ಕಪ್ಪ ನರಸಿಂಗಪ್ಪ ಸಿದ್ಧವಾಗಿಯೇ ಇದ್ದ. ಸಂತೆಯಲ್ಲಿ ನಕಲಿ ಬಳೆ ಸಿಗುತ್ತವೆ. ರಾಳದವು, ಕೆಂಪಗೇ ಇರುತ್ತವೆ, ಜಜ್ಜಿದರೂ ಒಡೆಯುವುದಿಲ್ಲ. ಬಾಣಂತನಕ್ಕೆ ತವರಿಗೆ ಹೋದವಳು ಅಲ್ಲಿ ಅಸಲಿಯನ್ನು ಒಡೆದುಕೊಂಡು ನಕಲಿ ಏರಿಸಿಕೊಂಡಳೋ ಏನೋ, ಯಾರು ಕಂಡರು?

“ನೋಡೇಬಿಡಾಣ,” ಎಂದು ಅವನು ಬಾಗಿಲಚೌಕಟ್ಟಿನಿಂದ ಒಂದು ಮೊಳೆ ಕಿತ್ತು ತಂದು, ಕದಿರಮ್ಮನ ಕೈ ಹಿಡಿದು, ಬಳೆಯ ಮೇಲೆ ಒತ್ತಿ ಎಳೆದ. ಬೂದುಬಣ್ಣದ ಗೆರೆ ಬಿತ್ತು. ಉಗುರಿನಿಂದ ಕೆರೆದ, ಹೋಗಲಿಲ್ಲ. ಸುತ್ತ ಕೂತವರೆಲ್ಲ ಬಗ್ಗಿ ನೋಡಿದರು.

“ಅಸಲಿ ಬಳೆಗೆ ಮೊಳೆ ಗೀರಾಕತ್ತಾ?” ಎಂದ ನರಸಿಂಗಪ್ಪ.

“ಮಾವ, ನಾನು ಬಳೆ ಮುಟ್ಟಿಲ್ಲ,” ಎಂದಳು ಕದಿರಮ್ಮ. “ನನ್ ಮಗಳ ಆಣೆ.”

“ಆಣೆ ಇಡಬ್ಯಾಡ. ಇರೋದು ಒಂದೇ ಮಗು,” ಎಂದಳು ಹನುಮಕ್ಕ. ಅಂದಿನಿಂದ ಕದಿರಮ್ಮನ ಊಟ ಹಿತ್ತಿಲ ಕಲ್ಲಿನ ಮೇಲೆ. ಐದು ವರ್ಷದ ಸಿರಿಯನ್ನು ಅಜ್ಜಿ ಪಕ್ಕದಲ್ಲಿ ಮಲಗಿಸಿಕೊಳ್ಳತೊಡಗಿದಳು. ಗಂಡನನ್ನು ಕೊಂದವಳ ಹತ್ತಿರ ಮಗು ಬೆಳೆಯುವುದು ಬೇಡ, ಅವಳನ್ನು ತವರಿಗೆ ಅಟ್ಟಿ ಮಗುವನ್ನು ಇಟ್ಟುಕೊಳ್ಳೋಣ ಎಂದು ಹಿರಿಯರು ಮಾತಾಡಿಕೊಂಡರು. ಆದರೆ ನ್ಯಾಯ ಸರಿಯಾಗಿ ಆಗಬೇಕಲ್ಲ. ಬಳೆ ಮಾಡಿದವರೇ ನೋಡಿ ಹೇಳಲಿ ಎಂದೂ ತೀರ್ಮಾನವಾಯಿತು.

*

ಕುಲುಮೆಗಳ ನಿಯಂತ್ರಣ ಕೊಠಡಿಯಲ್ಲಿ ಗೋಡೆಯುದ್ದಕ್ಕೂ ಪರದೆಗಳು, ಪ್ರತಿ ಪರದೆಯಲ್ಲೂ ಒಂದು ಜ್ವಾಲೆ, ಜ್ವಾಲೆಯ ಕೆಳಗೆ ಒಂದು ಹರಳು. ವೈಜಯಂತಿ ಅಲ್ಲಿ ಕೂತು ಅನಿಲದ ಒತ್ತಡ ನೋಡುತ್ತಿದ್ದಾಗ ವಾಮನಮೂರ್ತಿ ಬಂದು ಪಕ್ಕದ ಕುರ್ಚಿ ಎಳೆದುಕೊಂಡರು.

“ನಾಳೆ ಊರಿನವರು ಬರ್ತಾರೆ. ಆ ಹುಡುಗಿ ಬಳೆ ಪರೀಕ್ಷೆ ಮಾಡಬೇಕಂತೆ.”

“ಗೊತ್ತು.”

“ಏನು ಹೇಳ್ತೀರಿ?”

“ಪರೀಕ್ಷೆ ಮಾಡಿ ಏನು ಬರುತ್ತೋ ಅದು.”

“ಏನು ಬರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಸಲಿ ಅಂತ ಬಂದರೆ ನಮ್ಮ ಬಳೆ ಹಾಕಿದವಳ ಗಂಡ ಸತ್ತ ಅಂತಾಗುತ್ತೆ. ಮಾರನೇ ದಿನದಿಂದ ಕುಲುಮೆ ಆರಿಸಿಕೊಂಡು ಕೂರಬೇಕು. ಇಲ್ಲಿ ದುಡಿಯೋರು ಈ ಊರಿನವರೇ.”

“ಅದಕ್ಕೆ?”

“ರಾಳ ಅಂತ ಒಂದು ಮಾತು. ಮೊಳೆ ಗೀರು ಕಣ್ಣೆದುರಿಗೇ ಇದೆಯಂತಲ್ಲ.”

ವೈಜಯಂತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಅದು ಗೀರಲ್ಲ ಮೂರ್ತಿಯವರೇ. ಮೊಳೆ ಸವೆದು ಬಳೆಗೆ ಮೆತ್ತಿಕೊಂಡಿರೋದು. ಸಾಣೆಗೆ ಕತ್ತಿ ಹಿಡಿದರೆ ಕಬ್ಬಿಣ ಹತ್ತಿಕೊಳ್ಳಲ್ವೇ, ಹಾಗೆ. ಸಾಣೆ ಮಾಡಿ ಬದುಕಿದ ಊರಿಗೆ ಇಷ್ಟು ಮರೆತುಹೋಗಿದೆ.”

“ಮರೆತಿರೋದನ್ನ ನೆನಪಿಸಲೇಬೇಕಾ?”

“ಅವಳ ಮಗು ಕಿತ್ಕೋತಾರೆ.”

ವಾಮನಮೂರ್ತಿ ಕೆಟ್ಟವರಲ್ಲ. “ನಮ್ಮ ತಾಯಿಗೂ ಬಳೆ ಒಡೆದಿದ್ದು ನಾನು ನೋಡಿದೀನಿ,” ಎಂದರು. ಮತ್ತೆ ಎದ್ದು, “ನೋಡಿ, ನಿಮಗೆ ಬಿಟ್ಟಿದ್ದು. ವಿಜ್ಞಾನಿಗಳಿಗೆ ಏನು, ಎಲ್ಲಾದರೂ ಕೆಲಸ ಸಿಗುತ್ತೆ,” ಎಂದು ಹೋದರು.

*

ಪರೀಕ್ಷೆಗೆ ನರಸಿಂಗಪ್ಪ, ಹನುಮಕ್ಕ, ಇನ್ನೂ ನಾಲ್ಕಾರು ಹಿರಿಯರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಪ್ರಯೋಗಾಲಯಕ್ಕೆ ದೇವಸ್ಥಾನಕ್ಕೆ ಬಂದಂತೆ ಬಂದರು. ಕದಿರಮ್ಮ ಬಾತ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೊನೆಗೆ ಬಂದಳು.

ವೈಜಯಂತಿ ಅವಳ ಕೈಯನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಸೂಕ್ಷ್ಮದರ್ಶಕದ ಚಿತ್ರವನ್ನು ಗೋಡೆಯ ಪರದೆಗೆ ಬಿಟ್ಟರು. ಮೊಳೆಯ ಗೆರೆ ಹೆದ್ದಾರಿಯಂತೆ ಕಂಡಿತು.

“ಇದು ತೋಡಾದರೆ ಒರೆಸಿದರೆ ಹೋಗಲ್ಲ. ಅಲ್ವಾ ಯಜಮಾನ್ರೇ?”

“ತೋಡು ಹೆಂಗೆ ಹೋಗತ್ತೆ,” ಎಂದ ನರಸಿಂಗಪ್ಪ.

ಅವರು ಅರಳೆಗೆ ತೆಳು ಆಮ್ಲ ಅದ್ದಿ, ಚರ್ಮಕ್ಕೆ ತಾಗದಂತೆ ನಿಧಾನವಾಗಿ ಒರೆಸಿದರು. ಪರದೆಯ ಮೇಲಿನ ಹೆದ್ದಾರಿ ತುದಿಯಿಂದ ಕರಗುತ್ತ ಬಂದು ಇಲ್ಲವಾಯಿತು. ಕೆಳಗೆ ಮೈ ಕನ್ನಡಿಯಂತಿತ್ತು. ವೈಜಯಂತಿ ನರಸಿಂಗಪ್ಪನ ಮೊಳೆಯನ್ನೇ ಕೇಳಿ ತೆಗೆದುಕೊಂಡು ಅದರ ತುದಿಯನ್ನು ತೋರಿಸಿದರು. ಒಂದು ಕಡೆ ಚಪ್ಪಟೆಯಾಗಿ ಸವೆದಿತ್ತು.

“ಗೀರು ಬಿದ್ದಿದ್ದು ನಿಮ್ಮ ಮೊಳೆಗೆ.”

ಹಿಂದೆ ನಿಂತಿದ್ದ ಮುದುಕನೊಬ್ಬ, “ನಮ್ಮಪ್ಪ ಸಾಣೆ ಕಲ್ಲಿಗೆ ಕೈ ಒರೆಸಿದ್ರೆ ಕೈಯೆಲ್ಲ ಕಬ್ಬಿಣದ ಮಸಿ ಆಗೋದು,” ಎಂದ. ನರಸಿಂಗಪ್ಪ ಅವನನ್ನು ದುರುಗುಟ್ಟಿ ನೋಡಿದ.

ಬಿಳಿ ಬೆಣಚುಕಲ್ಲಿನಿಂದ ಎಳೆದರು, ಬೆಣಚುಕಲ್ಲು ಪುಡಿಯಾಯಿತು. ಅದಕ್ಕಿಂತ ಗಡಸಾದ, ಟೋಪಾಜ್ ಎಂಬ ಪುಷ್ಯರಾಗದಿಂದ ಎಳೆದರು, ಅದರ ಅಂಚೂ ಉದುರಿತು. ಕೊನೆಗೆ ದೀಪ ಆರಿಸಿ, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಬಳೆಯ ಮೇಲೆ ಬಿಟ್ಟರು. ಕತ್ತಲಲ್ಲಿ ಕದಿರಮ್ಮ ಕಾಣಲಿಲ್ಲ, ಅವಳ ಕೈಯೂ ಕಾಣಲಿಲ್ಲ. ಬರೀ ಬಳೆ, ಊದಿದ ಕೆಂಡದಂತೆ ತನ್ನಷ್ಟಕ್ಕೆ ಉರಿಯುತ್ತಿತ್ತು. ಕ್ರೋಮಿಯಂ ಸೇರಿದ ಕುರುಂದಕ್ಕೆ ಅದು ಸಹಜವಾದ ಗುಣ. ರಾಳದಲ್ಲಿ ಈ ಕೆಂಪು ಹುಟ್ಟುವುದಿಲ್ಲ ಎಂದು ವಿವರಿಸಿ ವೈಜಯಂತಿ ಹೇಳಿದರು: “ಇದು ಅಸಲಿ. ನಮ್ಮ ಕುಲುಮೆಯದೇ. ಬೆಸುಗೆ ಒಮ್ಮೆಯೂ ಬಿಚ್ಚಿಲ್ಲ. ಈ ಹುಡುಗಿ ಏನೂ ತಪ್ಪು ಮಾಡಿಲ್ಲ.”

ದೀಪ ಹಾಕಿದಾಗ ಕದಿರಮ್ಮನ ಮುಖದಲ್ಲಿ ಸಣ್ಣದೊಂದು ನಗೆಯಿತ್ತು, ಬಹಳ ದಿನ ಹೊತ್ತ ಕೊಡ ಇಳಿಸಿದವರದು. ಅದು ಎಷ್ಟು ಹೊತ್ತು ಇತ್ತೆಂದರೆ, ಹನುಮಕ್ಕ ಎದ್ದು ಬಂದು ಆ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಳ್ಳುವವರೆಗೆ.

“ಅಂಗಾದ್ರೆ ನನ್ ಮಗ ಅವ್ನೆ,” ಎಂದಳು ಹನುಮಕ್ಕ.

ವೈಜಯಂತಿಗೆ ಮೊದಲು ಅರ್ಥವಾಗಲಿಲ್ಲ. “ಏನಮ್ಮಾ?”

“ಬಳೆ ಸಾಚಾ ಅಂದ್ರಲ್ಲ. ಸಾಚಾ ಬಳೆ ನೆಟ್ಟಗಿದ್ದ ಮೇಲೆ ಅವನೆಲ್ಲಿ ಸಾಯ್ತಾನೆ?”

“ಹಾಗಲ್ಲಮ್ಮಾ. ಬಳೆಗೂ ಅದಕ್ಕೂ ಸಂಬಂಧ ಇಲ್ಲ. ಪೆಟ್ಟಿಗೆ ಬಂತಲ್ಲ—”

“ಪೆಟ್ಟಿಗೆ ತೆಗೆದು ಯಾರು ನೋಡಿದ್ರು?” ಎಂದ ನರಸಿಂಗಪ್ಪ. ಮೊಳೆಯ ವಿಷಯದಲ್ಲಿ ಸೋತ ಮುಖ ಈಗ ಮತ್ತೆ ಮೇಲೆದ್ದಿತ್ತು. “ಬೆಂಕಿ ಬಿದ್ದ ಹಡಗು. ಯಾರ ಮೂಳೆಯೋ ಏನೋ ತುಂಬಿ ಕಳ್ಸವ್ರೆ. ನೀವೇ ಇಷ್ಟೊತ್ತು ಕಷ್ಟ ಬಿದ್ದು ತೋರಿಸಿದ್ರಲ್ಲ ಮೇಡಂ, ಕಣ್ಣಾರ ನೋಡಿದ್ವಿ. ಇನ್ನೇನು?”

ವೈಜಯಂತಿ ಇನ್ನೂ ಬಹಳ ಹೇಳಿದರು. ಖನಿಜದ ಗಡಸುತನವೆಂದರೆ ಏನು, ಏನಲ್ಲ ಎಂದು ಹೇಳಿದರು. ಎಲ್ಲರೂ ತಲೆದೂಗಿ ಕೇಳಿದರು. ಹೋಗುವಾಗ ಹನುಮಕ್ಕ ಸೊಸೆಯ ಬಾತ ಕೈಯನ್ನು ತನ್ನ ತೋಳಿನ ಮೇಲಿಟ್ಟುಕೊಂಡು, ಮೆಟ್ಟಿಲು ಜೋಪಾನ ಕಣವ್ವ ಎನ್ನುತ್ತ ಇಳಿಸಿಕೊಂಡು ಹೋದಳು.

ವಾಮನಮೂರ್ತಿ ಸಂಜೆ ಬಂದು ಬಾಗಿಲಲ್ಲೇ ನಿಂತು, “ಮೇಡಂ, ನೀವು ಮಾರಾಟ ವಿಭಾಗದಲ್ಲಿ ಇರಬೇಕಾಗಿತ್ತು,” ಎಂದರು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ.

*

ಕದಿರಮ್ಮನಿಗೆ ಊಟ ಮತ್ತೆ ಒಳಮನೆಯಲ್ಲಿ. ಅವಳ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ, ಓಬಳೇಶನಿಗೆ. ಹನುಮಕ್ಕ ದಿನವೂ ಅದಕ್ಕೆ ಮುದ್ದೆ ಇಕ್ಕಿ, ಆರಿದ ಮೇಲೆ ಹಸುವಿಗೆ ಹಾಕುತ್ತಿದ್ದಳು. ಹಣೆಯ ಕುಂಕುಮ ಅಳಿಸಿದ್ದವರೇ ಬಂದು ಇಟ್ಟು ಹೋದರು, ಹಿಂದಿಗಿಂತ ದೊಡ್ಡದಾಗಿ.

ಅಷ್ಟಕ್ಕೇ ನಿಲ್ಲಲಿಲ್ಲ. ಹಡಗಿನ ಬೆಂಕಿಯಿಂದ ಗಂಡನನ್ನು ಉಳಿಸಿಕೊಂಡ ಬಳೆ ಎಂದಮೇಲೆ ಅದಕ್ಕಿಂತ ದೊಡ್ಡ ಮುತ್ತೈದೆತನ ಯಾವುದು? ಸುತ್ತಲ ಹಳ್ಳಿಯ ಮದುವೆಗಳಿಗೆಲ್ಲ ಮೊದಲ ಆರತಿ ಅವಳದಾಯಿತು. ಮದುಮಕ್ಕಳು ಅವಳ ಬಳೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾರ್ಖಾನೆಯ ಕಾರು ಬಂದು ಕರೆದೊಯ್ದು ಬಿಟ್ಟುಹೋಗುತ್ತಿತ್ತು. ಅವಳು ಅಳುವಂತಿರಲಿಲ್ಲ, ಮುತ್ತೈದೆ ಕಣ್ಣೀರು ಹಾಕಿದರೆ ದೂರದಲ್ಲಿರುವ ಗಂಡನಿಗೆ ಒಳ್ಳೆಯದಲ್ಲ. ಒಂದು ಸಲ ಹಿತ್ತಿಲಲ್ಲಿ ಅಳುತ್ತಿದ್ದಾಗ ಹನುಮಕ್ಕ ನೋಡಿ, ಗದರದೆ, ಬೆನ್ನು ಸವರಿ, “ಬತ್ತಾನೆ ಸುಮ್ಕಿರು,” ಎಂದಳು. ಬೈದಿದ್ದರೆ ತಡೆಯುವುದು ಸುಲಭವಿತ್ತು.

ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು: ಯಜಮಾನ್ರು ಯಾವಾಗ ಬರ್ತಾರಂತೆ? ಸುದ್ದಿ ಏನಾರ ಬಂತಾ? ಕದಿರಮ್ಮ ಯಾರಿಗೂ ಉತ್ತರ ಕೊಡುತ್ತಿರಲಿಲ್ಲ. ತಲೆ ತಗ್ಗಿಸಿ ನಡೆದುಬಿಡುತ್ತಿದ್ದಳು. ಅದನ್ನೂ ನಾಚಿಕೆ ಎಂದುಕೊಂಡರು.

*

ಒಂದು ಮಧ್ಯಾಹ್ನ ಅವಳು ಸಿರಿಯನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಬಂದಳು. ಮಗುವನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

“ಮೇಡಂ, ಇದನ್ನ ಕತ್ತರಿಸಿ ಕೊಡ್ತೀರಾ?”

ವೈಜಯಂತಿ ಕುರ್ಚಿ ತೋರಿಸಿದರೂ ಅವಳು ನಿಂತೇ ಮುಂದುವರಿಸಿದಳು. “ಅವತ್ತು ಹಡಗಿಂದ ಫೋನ್ ಮಾಡಿದ್ರು. ಹೊಗೆ ಬತ್ತೈತೆ, ಆಮೇಲೆ ಮಾಡ್ತೀನಿ ಅಂದ್ರು. ಇಡಲಿಲ್ಲ ಆದ್ರೆ. ಮರ್ತಿದ್ರೇನೋ. ಕೆಮ್ಮೋದು ಕೇಳ್ತಾನೇ ಇತ್ತು. ಆಮೇಲೆ ಕೆಮ್ಮೂ ನಿಲ್ತು. ನಾನು ಕಿವಿಗಿಟ್ಕೊಂಡೇ ಕೂತಿದ್ದೆ. ಯಾರಿಗೂ ಹೇಳಿಲ್ಲ. ಹೇಳಿದ್ರೂ ಈಗ ಯಾರು ನಂಬ್ತಾರೆ? ಅವರು ಸತ್ತವ್ರೆ ಅಂತ ಗೊತ್ತಿರೋದು ಊರಲ್ಲಿ ನನಗೊಬ್ಬಳಿಗೆ. ಸತ್ತೋರಿಗೆ ಅಳೋಕೆ ಒಬ್ರಾದ್ರೂ ಬ್ಯಾಡ್ವಾ ಮೇಡಂ?”

“ಕತ್ತರಿಸಿದ ಮೇಲೆ ಏನು ಮಾಡ್ತೀರಿ?”

“ಮಗು ಎತ್ಕೊಂಡು ಹಿರಿಯೂರಿಗೆ ಹೋಗ್ತೀನಿ. ಅಕ್ಕ ಅವ್ಳೆ ಅಲ್ಲಿ. ಅಲ್ಲಿಯೋರಿಗೆ ಈ ಬಳೆ ಗೊತ್ತಿಲ್ಲ.”

ವಜ್ರದ ಪುಡಿ ಮೆತ್ತಿದ ತಂತಿಯ ಗರಗಸ ಒಳಕೋಣೆಯಲ್ಲಿತ್ತು. ವೈಜಯಂತಿ ಕದಿರಮ್ಮನ ಮಣಿಕಟ್ಟಿಗೂ ಬಳೆಗೂ ನಡುವೆ ತೆಳು ಉಕ್ಕಿನ ಪಟ್ಟಿ ತೂರಿಸಿ, ಮೇಲಿಂದ ನೀರು ಬಿಟ್ಟು, ತಂತಿ ಓಡಿಸಿದರು. ಸಣ್ಣಗೆ, ಸೊಳ್ಳೆ ಹಾಡಿದ ಹಾಗೆ ಸದ್ದು. ನೀರಿನೊಂದಿಗೆ ತೆಳು ಗುಲಾಬಿ ಕೆಸರು ಇಳಿಯತೊಡಗಿತು. ಬಳೆಯ ಮೈಮೇಲೆ ಕೂದಲೆಳೆಯಷ್ಟು ತೋಡು ಕಂಡಿತು. ಕದಿರಮ್ಮ ಅದನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿಕೊಂಡಿತು, ತಡೆಯಲಿಲ್ಲ.

ಬಾಗಿಲು ಸದ್ದಾಯಿತು. ಸಿರಿ ಒಳಗೆ ಬಂದು ನಿಂತಿದ್ದಳು.

ಅವಳು ಅಳಲಿಲ್ಲ, ಕೂಗಲಿಲ್ಲ. ಹತ್ತಿರ ಬಂದು, ಕೆಸರು ಇಳಿಯುವುದನ್ನು ನೋಡಿ, “ಅಮ್ಮಾ, ಅಪ್ಪಂಗೆ ನೋಯ್ತೈತಾ?” ಎಂದು ಕೇಳಿದಳು.

ವೈಜಯಂತಿ ಗುಂಡಿ ಒತ್ತಿದರು. ತಂತಿ ನಿಂತಿತು.

“ಇದು ಒಡೆದ್ರೆ ಅಪ್ಪ ಬರಲ್ವಂತೆ,” ಎಂದಳು ಸಿರಿ, ವೈಜಯಂತಿಗೆ ಗೊತ್ತಿರಲಿಕ್ಕಿಲ್ಲ ಎಂಬ ಕಾಳಜಿಯಿಂದ. “ಅಜ್ಜಿ ಹೇಳೈತೆ. ಅದಕ್ಕೇ ನಾನು ಅಮ್ಮನ ಕೈ ಹಿಡ್ಕೊಂಡೇ ಮಲ್ಗೋದು. ನಿದ್ದೇಲಿ ಎಲ್ಲಾದ್ರೂ ತಾಗಿಬಿಟ್ರೆ.”

ಮಗುವಿನ ಕೈ ಆಗಲೇ ಬಳೆಯ ಮೇಲಿತ್ತು, ತೋಡಿನ ಮೇಲೆಯೇ, ಗಾಯ ಮುಚ್ಚಿ ಹಿಡಿದಂತೆ.

“ಒಡೆಯೋಕಲ್ಲ ಸಿರಿ,” ಎಂದಳು ಕದಿರಮ್ಮ. “ತೊಳೆಸೋಕೆ ಬಂದಿದ್ದು.”

“ತೊಳೆದಾಯ್ತಾ?”

“ಆಯ್ತು.”

ಅವಳು ಉಕ್ಕಿನ ಪಟ್ಟಿಯನ್ನು ತಾನೇ ಎಳೆದು ತೆಗೆದು ಮೇಜಿನ ಮೇಲಿಟ್ಟಳು. ವೈಜಯಂತಿ ದನಿ ತಗ್ಗಿಸಿ, “ಅವಳಿಗೆ ಹೇಳಿಬಿಡಿ ಕದಿರಮ್ಮ. ದೊಡ್ಡವಳಾದಷ್ಟೂ ಕಷ್ಟ. ನಿಮ್ಮಿಂದ ಆಗದಿದ್ದರೆ ನಾನು ಹೇಳ್ತೀನಿ,” ಎಂದರು.

“ಬ್ಯಾಡಿ ಮೇಡಂ,” ಎಂದಳು ಕದಿರಮ್ಮ. ಸಿಟ್ಟಿರಲಿಲ್ಲ, ಊಟಕ್ಕೆ ಇನ್ನಷ್ಟು ಬಡಿಸಬೇಡಿ ಎನ್ನುವ ದನಿ. “ನೀವು ಹೇಳಿದ್ದು ಸಾಕು.”

ಸೆರಗಿನಿಂದ ಬಳೆಯ ನೀರು ಒರೆಸಿ, ಅದೇ ಸೆರಗಿನಿಂದ ಮುಖ ಒರೆಸಿಕೊಂಡು, ಮಗುವಿನ ಕೈ ಹಿಡಿದು ಇಳಿದುಹೋದಳು. ವೈಜಯಂತಿ ಕಿಟಕಿಯ ಹತ್ತಿರ ನಿಂತರು. ಕೆಳಗೆ ಸೌರ ಫಲಕಗಳ ನಡುವಿನ ದಾರಿಯಲ್ಲಿ ತಾಯಿ ಮಗಳು ಗೇಟಿನವರೆಗೆ ನಡೆದರು. ಕಾವಲುಗಾರ ಎದ್ದು ನಿಂತು, ಈಗ ಊರೆಲ್ಲ ಅವಳಿಗೆ ಕೊಡುವ ಮರ್ಯಾದೆಯಲ್ಲಿ ಕೈಮುಗಿದ.

“ಓಬಳೇಶಣ್ಣ ಯಾವಾಗ ಬತ್ತಾನಂತಕ್ಕಾ?”

ಕದಿರಮ್ಮ ನಡೆಯುತ್ತಿದ್ದವಳು ನಿಂತಳು. ಸಿರಿ ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಿದ್ದಳು.

“ಬತ್ತಾರಣ್ಣ,” ಎಂದಳು ಕದಿರಮ್ಮ. “ಕೆಲಸ ಮುಗೀಲಿ, ಬತ್ತಾರೆ.”